ಬರೋ ಸಿನಿಮಾಗಳ ಕಾಸ್ಟಿಂಗ್ ಸುದ್ದಿ ಫಾಲೋ ಮಾಡೋಕೆ ಐಎಂಡಿಬಿ ಹೇಗಿದೆ? ನನ್ನ ಪೂರ್ತಿ ರಿವ್ಯೂ

ಐಎಂಡಿಬಿ ಅಂದ್ರೆ ಸಿನಿಮಾಗಳ, ಅದ್ರಲ್ಲಿ ಕೆಲ್ಸ ಮಾಡೋರ ಮಾಹಿತಿ ಸಿಗೋ ವೆಬ್‌ಸೈಟ್ ಮತ್ತು ಆಪ್. ಅದನ್ನ ಬಹಳಷ್ಟು ಜನ ರೇಟಿಂಗ್ ನೋಡೋಕೆ ಅಂತಾನೇ ಓಪನ್ ಮಾಡ್ತಾರೆ. ಸಿನಿಮಾ ಬಂತು, ಹತ್ತಕ್ಕೆ ಎಷ್ಟು ಬಿತ್ತು ಅಂತ ನೋಡಿದ್ರು, ಕ್ಲೋಸ್ ಮಾಡಿದ್ರು, ಅಷ್ಟೇ. ನಾನು ಅದನ್ನ ಜಾಸ್ತಿ ಬಳಸೋದು ಸಿನಿಮಾ ಬರೋಕೆ ಮುಂಚೆ. ಯಾರು ಯಾವ ಪಾತ್ರ ಮಾಡ್ತಿದಾರೆ, ಶೂಟಿಂಗ್ ನಿಜವಾಗ್ಲೂ ಶುರುವಾಯ್ತಾ ಇಲ್ಲ ಬರೀ ಮಾತಾ, ಕ್ಯಾಮೆರಾಮನ್ ಯಾರು, ಮ್ಯೂಸಿಕ್ ಯಾರದು, ಇದನ್ನೆಲ್ಲ ತಿಳ್ಕೊಂಡು ಕಾಯೋದ್ರಲ್ಲಿ ನನಗೆ ಸಿನಿಮಾ ನೋಡೋಷ್ಟೇ ಖುಷಿ ಇದೆ. ಹಾಗಾಗಿ ಈ ರಿವ್ಯೂ ಆ ಒಂದು ಕೆಲಸಕ್ಕೆ ಐಎಂಡಿಬಿ ಎಷ್ಟು ಉಪಯೋಗ, ಅದರ ಜೊತೆಗೆ ಇನ್ನೇನು ಇಟ್ಕೋಬೇಕು ಅನ್ನೋದರ ಬಗ್ಗೆ. ರೇಟಿಂಗ್ ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ.

ತೀರ್ಪು ಮೊದಲೇ ಕೊಟ್ಬಿಡ್ತೀನಿ. ಒಂದು ಸಿನಿಮಾ ಯಾವ ಹಂತದಲ್ಲಿದೆ ಅಂತ ತಿಳ್ಕೊಳ್ಳೋಕೆ ನಾನು ಬಳಸಿರೋದ್ರಲ್ಲಿ ಇದೇ ಬೆಸ್ಟ್. ಆದ್ರೆ ಯಾರು ಆಕ್ಟ್ ಮಾಡ್ತಿದಾರೆ ಅನ್ನೋದಕ್ಕೆ ಇದೊಂದನ್ನೇ ನಂಬ್ಕೊಂಡು ಕೂರಬೇಡಿ. ಕಾಸ್ಟಿಂಗ್ ಸುದ್ದೀಲಿ ಹೆಸರು ಯಾರದು ಅನ್ನೋದು ಅರ್ಧ ಸುದ್ದಿ, ಆ ಹೆಸರು ಎಷ್ಟು ಗಟ್ಟಿ ಅನ್ನೋದು ಇನ್ನರ್ಧ. ಆ ಎರಡನೇ ಅರ್ಧ ಹೇಳದೇ ಇರೋ ಯಾವ ಆಪ್ ಆದ್ರೂ ನನ್ನ ಲೆಕ್ಕದಲ್ಲಿ ಅಪೂರ್ಣ, ಮತ್ತೆ ಈ ಒಂದು ವಿಷಯದಲ್ಲಿ ಐಎಂಡಿಬಿ ಉಳಿದ ಬಹುತೇಕ ಜಾಗಗಳಿಗಿಂತ ಪ್ರಾಮಾಣಿಕವಾಗಿದೆ.

ಇದು ಶುರುವಾಗಿದ್ದೇ ಅಭಿಮಾನಿಗಳ ಕೈಯಿಂದ ಅನ್ನೋದು ನೆನಪಿರ್ಲಿ. ಕಾಲ್ ನೀಡಮ್ ಅನ್ನೋ ಬ್ರಿಟಿಷ್ ಪ್ರೋಗ್ರಾಮರ್ 1990ರ ಅಕ್ಟೋಬರ್‌ನಲ್ಲಿ, ಸಿನಿಮಾ ಪ್ರಿಯರು ಯೂಸ್‌ನೆಟ್ ಅನ್ನೋ ಆಗಿನ ಆನ್‌ಲೈನ್ ಚರ್ಚಾ ಜಾಲದಲ್ಲಿ ಸೇರಿಸಿಟ್ಟಿದ್ದ ನಟ ನಟಿಯರ ಪಟ್ಟಿಗಳನ್ನ ಹುಡುಕೋಕೆ ಆಗೋ ಥರ ಮಾಡಿ ಹಾಕಿದ್ರು. 1998ರಲ್ಲಿ ಅಮೆಜಾನ್ ತಗೊಂತು, 2002ರಲ್ಲಿ ಇಂಡಸ್ಟ್ರಿಯವರಿಗೆ ಅಂತ ದುಡ್ಡು ಕೊಟ್ಟು ಬಳಸೋ ಐಎಂಡಿಬಿಪ್ರೊ ಬಂತು. ಈ ಹಿನ್ನೆಲೆ ಯಾಕೆ ಹೇಳ್ದೆ ಅಂದ್ರೆ, ಇವತ್ತಿಗೂ ಅಲ್ಲಿರೋ ಮಾಹಿತೀಲಿ ದೊಡ್ಡ ಪಾಲು ಹೊರಗಿನ ಜನ ಕಳಿಸಿದ್ದು. ಅಕೌಂಟ್ ಇರೋ ಯಾರು ಬೇಕಾದ್ರೂ ತಿದ್ದುಪಡಿ ಕಳಿಸ್ಬಹುದು, ಅದನ್ನ ಚೆಕ್ ಮಾಡಿ ಹಾಕ್ತಾರೆ. ರಿಲೀಸ್ ಆಗಿರೋ ಸಿನಿಮಾಗೆ ಈ ಪದ್ಧತಿ ಚೆನ್ನಾಗಿ ಕೆಲ್ಸ ಮಾಡುತ್ತೆ, ಯಾಕಂದ್ರೆ ತೆರೆ ಮೇಲೆ ಟೈಟಲ್ ಕಾರ್ಡ್ ಇದೆ, ಸರಿ ತಪ್ಪು ಹೋಲಿಸಿ ನೋಡ್ಬಹುದು. ಇನ್ನೂ ಶೂಟಿಂಗೇ ಆಗದ ಸಿನಿಮಾಗೆ ಹೋಲಿಸೋಕೆ ಏನಿದೆ ಹೇಳಿ? ಪೇಪರ್ ಸುದ್ದಿ, ಪ್ರೆಸ್ ನೋಟ್, ಯಾರೋ ಹೇಳಿದ್ದು. ಅದಕ್ಕೇ ಬರೋ ಸಿನಿಮಾಗಳ ಪುಟದಲ್ಲಿ ಅವ್ರೇ ಒಂದು ಎಚ್ಚರಿಕೆ ಹಾಕ್ತಾ ಬಂದಿದಾರೆ, ಈ ಪ್ರಾಜೆಕ್ಟ್ ಇನ್ನೂ ತಯಾರಿಕೆಯಲ್ಲಿದೆ, ಮಾಹಿತಿ ಬದಲಾಗ್ಬಹುದು, ಕೆಲವು ಪೂರ್ತಿ ತೆಗೆದು ಹಾಕ್ಲೂಬಹುದು ಅನ್ನೋ ಅರ್ಥದ್ದು. ಜನ ಇದನ್ನ ಓದೋದೇ ಇಲ್ಲ, ಓದಬೇಕು. ಕೆಲವು ಹೆಸರುಗಳ ಪಕ್ಕದಲ್ಲಿ ರೂಮರ್ಡ್ ಅಂತ ಸಣ್ಣದಾಗಿ ಬರೆದಿರೋದೂ ಕಂಡಿದೀನಿ, ಅಂದ್ರೆ ಇದು ಗಾಳಿಸುದ್ದಿ ಅಂತ ಅವ್ರೇ ಒಪ್ಕೊಂಡು ಹಾಕಿರೋದು. ಆದ್ರೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಹಂಚೋರು ಆ ಪದವನ್ನೇ ಕ್ರಾಪ್ ಮಾಡಿ ಬಿಟ್ಟು ಹಂಚ್ತಾರೆ, ಅಲ್ಲಿಂದ ಅದು ನ್ಯೂಸ್ ಆಗುತ್ತೆ.

ಈಗ ನನಗೆ ಅತಿ ಇಷ್ಟದ ಫೀಚರ್‌ಗೆ ಬರೋಣ, ಸ್ಟೇಟಸ್. ಅನೌನ್ಸ್ಡ್, ಪ್ರೀ ಪ್ರೊಡಕ್ಷನ್, ಫಿಲ್ಮಿಂಗ್, ಪೋಸ್ಟ್ ಪ್ರೊಡಕ್ಷನ್, ಕಂಪ್ಲೀಟೆಡ್. ಒಬ್ಬ ನಟನ ಪುಟಕ್ಕೆ ಹೋದ್ರೆ ಮೇಲ್ಗಡೆ ಮುಂಬರೋ ಸಿನಿಮಾಗಳ ಸಾಲು ಇರುತ್ತೆ, ಒಂದೊಂದರ ಪಕ್ಕದಲ್ಲೂ ಇದ್ರಲ್ಲಿ ಒಂದು ಪದ. ಸ್ಕ್ರಿಪ್ಟ್ ಹಂತದಲ್ಲಿರೋ, ಬರೀ ಹಕ್ಕು ತಗೊಂಡಿಟ್ಕೊಂಡಿರೋ ಪ್ರಾಜೆಕ್ಟ್‌ಗಳು ಹೆಚ್ಚಾಗಿ ಪ್ರೊ ಒಳಗಡೆ ಇರ್ತವೆ, ಸಾಮಾನ್ಯ ಪುಟದಲ್ಲಿ ಇಷ್ಟು ಪ್ರಾಜೆಕ್ಟ್ ಡೆವಲಪ್‌ಮೆಂಟ್‌ನಲ್ಲಿವೆ ಅಂತ ಮಾತ್ರ ಕಾಣುತ್ತೆ. ಮೊದಮೊದಲು ನನಗೆ ಇದು ದುಡ್ಡು ಕೀಳೋಕೆ ಅನ್ನಿಸ್ತಿತ್ತು, ಈಗ ಹಂಗನ್ಸಲ್ಲ, ಯಾಕಂದ್ರೆ ಆ ಹಂತದ ಪ್ರಾಜೆಕ್ಟ್‌ಗಳಲ್ಲಿ ಎಷ್ಟೋ ಯಾವತ್ತೂ ಸಿನಿಮಾ ಆಗೋದೇ ಇಲ್ಲ, ಅವನ್ನೆಲ್ಲ ಅಭಿಮಾನಿ ಮುಂದೆ ತಂದಿಟ್ಟು ಆಸೆ ಹುಟ್ಟಿಸೋದಕ್ಕಿಂತ ಒಳಗಿಡೋದೇ ವಾಸಿ.

ಈ ಐದು ಪದಗಳನ್ನ ಅರ್ಥ ಮಾಡ್ಕೊಂಡ್ರೆ ಅರ್ಧ ಗೊಂದಲ ಕಮ್ಮಿ ಆಗುತ್ತೆ. ಅನೌನ್ಸ್ಡ್ ಅಂದ್ರೆ ಯಾರೋ ಜವಾಬ್ದಾರಿ ಇರೋರು ಬಾಯಿ ಬಿಟ್ಟು ಹೇಳಿದಾರೆ ಅಷ್ಟೇ. ಪ್ರೀ ಪ್ರೊಡಕ್ಷನ್ ಅಂದ್ರೆ ಲೊಕೇಶನ್, ಸೆಟ್, ಕಾಸ್ಟ್ಯೂಮ್, ಕಾಲ್‌ಶೀಟ್ ಕೂಡಿಸೋ ಕೆಲ್ಸ ನಡೀತಿದೆ, ದುಡ್ಡು ಖರ್ಚಾಗ್ತಿದೆ. ನಟನ ಹೆಸರು ಗಟ್ಟಿಯಾಗೋದು ಸಾಮಾನ್ಯವಾಗಿ ಇಲ್ಲೇ, ಯಾಕಂದ್ರೆ ಡೇಟ್ಸ್ ಕೂಡಿಬರದೇ ಇದ್ರೆ ಇಲ್ಲೇ ಕಿತ್ಕೊಂಡು ಹೋಗುತ್ತೆ. ಫಿಲ್ಮಿಂಗ್ ಅಂದ್ಮೇಲೆ ನೆಮ್ಮದಿ ಅನ್ಕೋಬಹುದು, ಆದ್ರೆ ಅದೂ ಪೂರ್ತಿ ಅಲ್ಲ. ಬ್ಯಾಕ್ ಟು ದ ಫ್ಯೂಚರ್ ಸಿನಿಮಾದಲ್ಲಿ ಎರಿಕ್ ಸ್ಟೋಲ್ಟ್ಸ್ ಹೀರೋ ಆಗಿ ವಾರಗಟ್ಟಲೆ ಶೂಟ್ ಮಾಡಿ ಆದ್ಮೇಲೆ ಅವರನ್ನ ಬದಲಾಯಿಸಿ 1985ರ ಜನವರೀಲಿ ಮೈಕಲ್ ಜೆ ಫಾಕ್ಸ್‌ನ ತಂದ್ರು, ಅದೇ ವರ್ಷ ಜುಲೈಗೆ ಸಿನಿಮಾ ಥಿಯೇಟರ್‌ನಲ್ಲಿತ್ತು. ಲಾರ್ಡ್ ಆಫ್ ದ ರಿಂಗ್ಸ್‌ನ ಅರಗಾರ್ನ್ ಪಾತ್ರಕ್ಕೆ ಸ್ಟುವರ್ಟ್ ಟೌನ್‌ಸೆಂಡ್ ಟ್ರೈನಿಂಗ್ ಎಲ್ಲ ಮುಗಿಸಿದ್ರು, ಶೂಟಿಂಗ್ ಶುರುವಾಗೋ ಹೊತ್ತಲ್ಲೇ ವಿಗೋ ಮೊರ್ಟೆನ್ಸೆನ್ ಬಂದ್ರು. 2000ದ ಎಕ್ಸ್ ಮೆನ್‌ನಲ್ಲಿ ವುಲ್ವರಿನ್ ಆಗ್ಬೇಕಿದ್ದದ್ದು ಡೂಗ್ರೇ ಸ್ಕಾಟ್, ಅವ್ರು ಮಾಡ್ತಿದ್ದ ಇನ್ನೊಂದು ಸಿನಿಮಾದ ಶೂಟಿಂಗ್ ಎಳೀತಾ ಹೋಯ್ತು, ಇಲ್ಲಿ ಶೂಟಿಂಗ್ ಶುರುವಾದ್ಮೇಲೆ ಹ್ಯೂ ಜಾಕ್‌ಮನ್ ಸೇರ್ಕೊಂಡ್ರು. ಇವತ್ತು ಆ ಮೂರೂ ಪಾತ್ರಗಳನ್ನ ಬೇರೆ ಮುಖದಲ್ಲಿ ಊಹಿಸ್ಕೊಳ್ಳೋಕೂ ಆಗಲ್ಲ, ಆದ್ರೆ ಆಗಿನ ಕಾಸ್ಟ್ ಲಿಸ್ಟ್ ನಂಬ್ಕೊಂಡಿದ್ದೋರಿಗೆ ಬೇರೆ ಹೆಸರುಗಳಿದ್ವು.

ಇಲ್ಲೇ ನನ್ನ ದೊಡ್ಡ ದೂರು ಇರೋದು. ಒಂದು ಹೆಸರು ಪಟ್ಟಿಯಿಂದ ಹೋದಾಗ ಆ ಸಾಮಾನ್ಯ ಪುಟದಲ್ಲಿ ಅದರ ಕುರುಹೇ ಉಳಿಯಲ್ಲ. ನಿನ್ನೆ ಇತ್ತು ಇವತ್ತಿಲ್ಲ. ಯಾಕೆ ಹೋಯ್ತು, ಯಾವಾಗ ಹೋಯ್ತು, ಮೊದಲು ಇದ್ದದ್ದು ನಿಜವಾಗ್ಲೂ ಸೈನ್ ಮಾಡಿದ್ರಾ ಅಥವಾ ಬರೀ ಊಹೆನಾ, ಏನೂ ಗೊತ್ತಾಗಲ್ಲ. ವಿಕಿಪೀಡಿಯ ಈ ವಿಷಯದಲ್ಲಿ ಎಷ್ಟೋ ಮುಂದಿದೆ, ಅಲ್ಲಿ ಹಿಸ್ಟರಿ ಟ್ಯಾಬ್ ಒತ್ತಿದ್ರೆ ಯಾವ ದಿನ ಯಾವ ಹೆಸರು ಸೇರ್ತು, ಯಾವ ದಿನ ಹೋಯ್ತು, ಎಲ್ಲ ಬಿಚ್ಚಿಟ್ಟಿರುತ್ತೆ. ಇನ್ನೊಂದು ವಿಷಯ, ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ನಿಯಮ ಇದೆ, ಮುಖ್ಯ ಚಿತ್ರೀಕರಣ ಶುರುವಾಗಿದೆ ಅಂತ ನಂಬಿಕಸ್ಥ ಮೂಲದಿಂದ ಖಾತ್ರಿ ಆಗೋವರೆಗೂ ಸಾಮಾನ್ಯವಾಗಿ ಆ ಸಿನಿಮಾಗೆ ಬೇರೆ ಪುಟ ಇರಬಾರದು ಅಂತ. ಹಾಗಾಗಿ ಒಂದು ಸಿನಿಮಾಗೆ ಅಲ್ಲಿ ಪುಟ ಬಂದು ಅದು ಉಳ್ಕೊಂಡಿದೆ ಅಂದ್ರೆ ಅದೇ ಒಂದು ಸುದ್ದಿ. ಐಎಂಡಿಬಿಯನ್ನ ವಿಕಿಪೀಡಿಯದವರು ನಂಬಿಕಸ್ಥ ಮೂಲ ಅಂತ ಒಪ್ಕೊಳ್ಳೋದೂ ಇಲ್ಲ, ಕಾರಣ ಮೇಲೆ ಹೇಳಿದ್ದೇ, ಜನ ಕಳಿಸೋ ಮಾಹಿತಿ ಅಂತ. ನಾನು ಎರಡನ್ನೂ ಪಕ್ಕಪಕ್ಕ ತೆರೆದಿಟ್ಕೋತೀನಿ, ಸ್ಟೇಟಸ್‌ಗೆ ಐಎಂಡಿಬಿ, ಮೂಲ ಎಲ್ಲಿಂದ ಬಂತು ಅನ್ನೋದಕ್ಕೆ ವಿಕಿಪೀಡಿಯ.

ಮೂಲ ಅಂದ್ಮೇಲೆ ಟ್ರೇಡ್ ಪತ್ರಿಕೆಗಳ, ಅಂದ್ರೆ ಸಿನಿಮಾ ಉದ್ಯಮದ ಸುದ್ದಿಗೇ ಮೀಸಲಾದ ಪತ್ರಿಕೆಗಳ ಮಾತು ಬರ್ಲೇಬೇಕು. ವೆರೈಟಿ 1905ರಿಂದ ಇದೆ, ಹಾಲಿವುಡ್ ರಿಪೋರ್ಟರ್ 1930ರಿಂದ, ಡೆಡ್‌ಲೈನ್ 2006ರಲ್ಲಿ ಶುರುವಾಗಿದ್ದು. ಇವ್ರ ಕಾಸ್ಟಿಂಗ್ ಸುದ್ದಿ ಓದೋಕೆ ಬರಬೇಕು, ಪ್ರತಿ ಪದಕ್ಕೂ ತೂಕ ಇದೆ. ಐಯಿಂಗ್, ಸರ್ಕ್ಲಿಂಗ್ ಅಂತಿದ್ರೆ ಕಣ್ಣಿಟ್ಟಿದಾರೆ, ಹತ್ರ ಸುಳೀತಿದಾರೆ ಅಷ್ಟೇ, ಅದರ ಮೇಲೆ ಏನೂ ಕಟ್ಕೋಬೇಡಿ. ಇನ್ ಟಾಕ್ಸ್ ಅಂದ್ರೆ ಎರಡೂ ಕಡೆ ಮಾತಿಗೆ ಕೂತಿದಾರೆ. ಇನ್ ಫೈನಲ್ ನೆಗೋಷಿಯೇಷನ್ಸ್ ಅಂದ್ರೆ ಸಂಭಾವನೆ, ಡೇಟ್ಸ್ ಹೊಂದಿಸೋದು ಉಳಿದಿದೆ. ಅಟ್ಯಾಚ್ಡ್ ಅನ್ನೋದು ಸ್ವಲ್ಪ ಮೋಸದ ಪದ, ಸಿನಿಮಾಗೆ ದುಡ್ಡು ಹಾಕೋರು ಸಿಕ್ರೆ ನಾನು ಮಾಡ್ತೀನಿ ಅಂತ ನಟ ಒಪ್ಪಿರೋದು, ದುಡ್ಡೇ ಸಿಗದೇ ಹೋದ್ರೆ ವರ್ಷಗಟ್ಟಲೆ ಅಟ್ಯಾಚ್ ಆಗಿ ಅಲ್ಲೇ ಇರ್ತಾರೆ. ಸೈನ್ಡ್, ಸೆಟ್, ಕಾಸ್ಟ್, ಈ ಮೂರು ಬಂದ್ರೆ ಮಾತ್ರ ನಾನು ಗೆಳೆಯರಿಗೆ ಹೇಳೋದು. ನಮ್ಮ ಕನ್ನಡದ ಸುದ್ದೀಲಿ ಇದೆಲ್ಲ ಒಂದೇ ಥರ "ನಟಿಸಲಿದ್ದಾರೆ" ಆಗ್ಬಿಡುತ್ತೆ, ಮಾತುಕತೆ ನಡೀತಿದೆ ಅನ್ನೋದೂ ನಟಿಸಲಿದ್ದಾರೆ, ಸೈನ್ ಮಾಡಿದ್ರೂ ನಟಿಸಲಿದ್ದಾರೆ. ಇದು ಬದಲಾಗ್ಬೇಕು ಅಂತ ನನಗೆ ನಿಜವಾಗ್ಲೂ ತುಂಬಾ ಅನ್ಸುತ್ತೆ, ಯಾಕಂದ್ರೆ ಓದೋರ ಆಸೆ ಜೊತೆ ಆಟ ಆಡೋದು ಅದು.

ಗಾಳಿಸುದ್ದಿ ಎಲ್ಲಾ ಸುಳ್ಳು ಅಂತ ನಾನು ಹೇಳ್ತಿಲ್ಲ, ಕೆಲವು ಸಲ ಅದೇ ಮೊದಲು ನಿಜ ಹೇಳುತ್ತೆ. ಡೈರೆಕ್ಟರ್ ಸ್ಯಾಮ್ ಮೆಂಡಿಸ್ ಬೀಟಲ್ಸ್ ಅನ್ನೋ ಬ್ರಿಟಿಷ್ ಬ್ಯಾಂಡ್ ಬಗ್ಗೆ ನಾಲ್ಕು ಸಿನಿಮಾ ಮಾಡ್ತೀನಿ ಅಂದ್ಮೇಲೆ, ತನ್ನ ಪಾತ್ರ ಬ್ಯಾರಿ ಕಿಯೋಗನ್ ಮಾಡ್ತಿದಾರೆ ಅಂತ 2024ರ ನವೆಂಬರ್‌ನಲ್ಲಿ ಹೇಳಿದ್ದು ಸ್ವತಃ ಆ ಬ್ಯಾಂಡ್‌ನ ಡ್ರಮ್ಮರ್ ರಿಂಗೋ ಸ್ಟಾರ್. ಪಾಲ್ ಮೆಸ್ಕಲ್ ಹೆಸರನ್ನ ಡಿಸೆಂಬರ್‌ನಲ್ಲಿ ಮಾತಿನ ಭರದಲ್ಲಿ ಹೊರಗೆ ಬಿಟ್ಟಿದ್ದು ಇನ್ನೊಬ್ಬ ಡೈರೆಕ್ಟರ್ ರಿಡ್ಲಿ ಸ್ಕಾಟ್. ಸ್ಟುಡಿಯೋ ಅಧಿಕೃತವಾಗಿ ನಾಲ್ಕೂ ಜನರನ್ನ ವೇದಿಕೆ ಮೇಲೆ ತಂದು ನಿಲ್ಸಿದ್ದು 2025ರ ಮಾರ್ಚ್ 31ಕ್ಕೆ, ರಿಲೀಸ್ 2028ರ ಏಪ್ರಿಲ್ ಅಂತ. ಇಂಥ ಕಡೆ ಯಾರು ಹೇಳಿದ್ರು ಅನ್ನೋದೇ ಎಲ್ಲಾ. ರಿಂಗೋ ಪಾತ್ರದ ಬಗ್ಗೆ ರಿಂಗೋನೇ ಹೇಳಿದ್ರೆ ಅದು ಗಾಳಿಸುದ್ದಿ ಅಲ್ಲ. ಯಶ್ ರಾವಣ ಮಾಡ್ತಾರಂತೆ ಅನ್ನೋ ಮಾತೂ ಹಂಗೇ ಬಹಳ ದಿನ ಓಡಾಡ್ತು, ಅವ್ರೇ 2024ರ ಅಕ್ಟೋಬರ್‌ನಲ್ಲಿ ಸಂದರ್ಶನದಲ್ಲಿ ಹೌದು ಅಂದ್ರು, ನವೆಂಬರ್‌ನಲ್ಲಿ ನಿರ್ಮಾಪಕ ನಮಿತ್ ಮಲ್ಹೋತ್ರಾ ರಾಮಾಯಣದ ಎರಡು ಭಾಗಕ್ಕೆ 2026 ಮತ್ತು 2027ರ ದೀಪಾವಳಿ ಅಂತ ಡೇಟ್ ಕೊಟ್ರು, 2025ರ ಜುಲೈ 3ಕ್ಕೆ ಮೊದಲ ಝಲಕ್ ಬಂತು. ಮಾತು, ಒಪ್ಪಿಗೆ, ತಾರೀಖು, ದೃಶ್ಯ. ಈ ಕ್ರಮದಲ್ಲಿ ಒಂದೊಂದಾಗಿ ಗಟ್ಟಿಯಾಗ್ತಾ ಬರೋ ಸುದ್ದಿ ಫಾಲೋ ಮಾಡೋದ್ರಲ್ಲಿ ಇರೋ ರೋಮಾಂಚನ ನಾನು ಬೇರೆ ಯಾವುದ್ರಲ್ಲೂ ಕಂಡಿಲ್ಲ. ಇನ್ನೊಂದು ಕಡೆ ಜೇಮ್ಸ್ ಬಾಂಡ್ ನೋಡಿ, 2024ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಟ್ಯಾಬ್ಲಾಯ್ಡ್ ಒಂದು ಇಂಥ ನಟನಿಗೆ ಆಫರ್ ಹೋಗಿದೆ ಅಂತ ಬರೀತು, ಜಗತ್ತಿಡೀ ಹಬ್ಬಿತು, ಆದ್ರೆ ವರ್ಷ ದಾಟಿ 2025ರ ಜೂನ್‌ನಲ್ಲಿ ಅನೌನ್ಸ್ ಆಗಿದ್ದು ಡೈರೆಕ್ಟರ್ ಹೆಸರು, ಡೆನಿ ವಿಲ್ನೆವ್. ಡೈರೆಕ್ಟರೇ ಇಲ್ಲದ ಸಿನಿಮಾಗೆ ಹೀರೋ ಫೈನಲ್ ಅಂತ ಯಾರಾದ್ರೂ ಬರೆದ್ರೆ ನಾನು ಈಗ ಕ್ಲಿಕ್ಕೇ ಮಾಡಲ್ಲ. ಐಎಂಡಿಬಿ ಪುಟದಲ್ಲಿ ಮೊದಲು ನೋಡೋದು ಡೈರೆಕ್ಟರ್ ಜಾಗ ಖಾಲಿ ಇದ್ಯಾ ಅಂತ.

ರಿಲೀಸ್ ಡೇಟ್ ವಿಷಯಕ್ಕೆ ಬಂದ್ರೆ ಐಎಂಡಿಬಿ ಒಳ್ಳೇದೇ, ದೇಶದಿಂದ ದೇಶಕ್ಕೆ ಬೇರೆ ಬೇರೆ ತಾರೀಖು ಇದ್ರೆ ಅದೂ ಸಿಗುತ್ತೆ, ಬದಲಾದ್ರೆ ತಕ್ಕಮಟ್ಟಿಗೆ ಬೇಗ ಬದಲಾಗುತ್ತೆ. ಆದ್ರೆ ಹಳೇ ಡೇಟ್ ಅಳಿಸಿ ಹೋಗೋದ್ರಿಂದ ಎಷ್ಟು ಸಲ ಮುಂದೆ ಹೋಗಿದೆ ಅನ್ನೋದು ಗೊತ್ತಾಗಲ್ಲ. ಕೆಜಿಎಫ್ ಚಾಪ್ಟರ್ 2ಗೆ ಮೊದಲು ಕೊಟ್ಟಿದ್ದು 2020ರ ಅಕ್ಟೋಬರ್ 23, ಆಮೇಲೆ 2021ರ ಜುಲೈ 16, ಕೊನೆಗೆ ಬಂದಿದ್ದು 2022ರ ಏಪ್ರಿಲ್ 14. ಸಂಜಯ್ ದತ್ ಅಧೀರ ಅಂತ ಅವ್ರ ಬರ್ತ್‌ಡೇ ದಿನ ಪೋಸ್ಟರ್ ಬಿಟ್ಟಿದ್ದು 2019ರ ಜುಲೈ 29ಕ್ಕೆ. ಅಂದ್ರೆ ಆ ಮುಖ ನೋಡಿದ ದಿನದಿಂದ ತೆರೆ ಮೇಲೆ ನೋಡೋ ದಿನಕ್ಕೆ ಎರಡೂವರೆ ವರ್ಷಕ್ಕಿಂತ ಜಾಸ್ತಿ. ಆ ಕಾಯುವಿಕೆನ ಅನುಭವಿಸಿದೋರಿಗೆ ಗೊತ್ತು ಅದು ಎಂಥದ್ದು ಅಂತ, ಪ್ರತಿ ಬರ್ತ್‌ಡೇ, ಪ್ರತಿ ಹಬ್ಬ ಏನಾದ್ರೂ ಅಪ್ಡೇಟ್ ಬರುತ್ತಾ ಅಂತ ಕಾಯೋದು, ಟೀಸರ್ ಒಂದು ದಿನ ಮುಂಚೆ ಲೀಕ್ ಆಗಿ 2021ರ ಜನವರಿ 7ರ ರಾತ್ರೀನೇ ಬಿಟ್ಟಾಗ ಎದ್ದು ಕೂತು ನೋಡಿದ್ದು. ನಮ್ಮಲ್ಲಿ ಕಾಸ್ಟಿಂಗ್ ಸುದ್ದಿ ಅಂದ್ರೆ ಹೆಚ್ಚಾಗಿ ಹಿಂಗೇ, ಪೇಪರ್‌ನಲ್ಲಿ ಮಾತುಕತೆ ನಡೀತಿದೆ ಅಂತ ಬರೋದಕ್ಕಿಂತ ಹುಟ್ಟುಹಬ್ಬಕ್ಕೆ ಫಸ್ಟ್ ಲುಕ್, ಮುಹೂರ್ತದ ಫೋಟೋ, ಮೋಷನ್ ಪೋಸ್ಟರ್. ಐಎಂಡಿಬಿಗೆ ಈ ಕ್ರಮ ಅಷ್ಟಾಗಿ ಒಗ್ಗಲ್ಲ. ಸಣ್ಣ ಕನ್ನಡ ಸಿನಿಮಾಗಳ ಪುಟದಲ್ಲಿ ಹೀರೋ ಹೀರೋಯಿನ್ ಬಿಟ್ರೆ ಖಾಲಿ ಖಾಲಿ ಇರುತ್ತೆ, ಮುಹೂರ್ತ ಆಗಿ ಎಷ್ಟೋ ಕಾಲ ಆದ್ರೂ ಸ್ಟೇಟಸ್ ಅನೌನ್ಸ್ಡ್‌ನಲ್ಲೇ ನಿಂತಿರುತ್ತೆ, ಪೋಷಕ ನಟರ ಹೆಸರು ರಿಲೀಸ್ ಆದ್ಮೇಲೆ ಸೇರುತ್ತೆ. ಇದಕ್ಕೆ ಅವ್ರನ್ನೇ ಬೈದು ಪ್ರಯೋಜನ ಇಲ್ಲ, ಮಾಹಿತಿ ಕಳಿಸೋರು ಬೇಕು. ಸಿನಿಮಾ ತಂಡದಲ್ಲಿರೋ ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ನಿಮ್ಮ ಸಿನಿಮಾ ಪುಟ ತುಂಬ್ಸಿ, ಕನ್ನಡ ಹೆಸರಿನ ಸ್ಪೆಲಿಂಗ್ ಒಂದೇ ಥರ ಇರ್ಲಿ, ಒಬ್ಬರೇ ನಟನಿಗೆ ಎರಡು ಮೂರು ಪುಟ ಆಗೋದು ತಪ್ಪುತ್ತೆ.

ಐಎಂಡಿಬಿ ಪುಟಗಳಲ್ಲಿ ಕಾಣೋ ಪಾಪ್ಯುಲಾರಿಟಿ ನಂಬರ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಅದು ಎಷ್ಟು ಜನ ಆ ಪುಟ ನೋಡ್ತಿದಾರೆ ಅನ್ನೋದರ ಮೇಲೆ ನಿಂತಿರೋದು. ವರ್ಷದ ಶುರುವಲ್ಲಿ ಬರೋ ಅತಿ ನಿರೀಕ್ಷಿತ ಭಾರತೀಯ ಸಿನಿಮಾಗಳ ಪಟ್ಟೀನೂ ಪೇಜ್ ವ್ಯೂ ಲೆಕ್ಕದಿಂದಾನೇ ಮಾಡೋದು. ಕುತೂಹಲ ಎಲ್ಲಿದೆ ಅಂತ ಹೇಳುತ್ತೆ, ಪ್ರೀತಿ ಎಲ್ಲಿದೆ ಅಂತ ಹೇಳಲ್ಲ. ಕಾಂಟ್ರವರ್ಸಿ ಆದ್ರೂ ನಂಬರ್ ಏರುತ್ತೆ. ನಿಮ್ಮ ಹೀರೋ ಸಿನಿಮಾ ಪಟ್ಟೀಲಿ ಕೆಳಗಿದೆ ಅಂತ ಜಗಳ ಆಡೋದು ಬಿಟ್ಬಿಡಿ.

ಸಿನಿಮಾ ಬರೋಕ್ ಮುಂಚೆ ರೇಟಿಂಗ್ ಕೊಡೋಕೆ ಬಿಡದೇ ಇರೋದು ಮಾತ್ರ ನನಗೆ ತುಂಬಾ ಇಷ್ಟ. ಎಲ್ಲಾದ್ರೂ ಒಂದು ಸಲ ಜನರ ಮುಂದೆ ಪ್ರದರ್ಶನ ಆಗೋವರೆಗೂ ವೋಟ್ ಓಪನ್ ಆಗಲ್ಲ. ರಾಟನ್ ಟೊಮೇಟೋಸ್ ಅನ್ನೋ ರಿವ್ಯೂ ವೆಬ್‌ಸೈಟ್‌ನಲ್ಲಿ ಮುಂಚೆ ರಿಲೀಸ್‌ಗೆ ಮೊದಲೇ ಕಾಮೆಂಟ್ ಹಾಕ್ಬಹುದಿತ್ತು, ನೋಡೋಕೆ ಇಷ್ಟ ಇದೆ ಅನ್ನೋದನ್ನ ಪರ್ಸೆಂಟೇಜ್‌ನಲ್ಲಿ ತೋರಿಸ್ತಿದ್ರು, ಕೆಲವರು ಗುಂಪು ಕಟ್ಕೊಂಡು ಅದನ್ನ ಕೆಳಗೆ ಎಳೆಯೋಕೆ ಶುರು ಮಾಡಿದ್ರು, 2019ರ ಫೆಬ್ರವರೀಲಿ ಅವ್ರು ಆ ಕಾಮೆಂಟೂ ತೆಗೆದ್ರು ಪರ್ಸೆಂಟೇಜೂ ತೆಗೆದು ಬರೀ ಸಂಖ್ಯೆ ಇಟ್ರು. ಒಳ್ಳೇ ಕೆಲ್ಸ ಮಾಡಿದ್ರು. ಕಾಸ್ಟಿಂಗ್ ಅನೌನ್ಸ್ ಆದ ಕೂಡ್ಲೇ ಇವ್ರು ಸೂಟೇ ಆಗಲ್ಲ ಅಂತ ತೀರ್ಪು ಕೊಡೋದು ಎಷ್ಟು ಸಲ ತಲೆಕೆಳಗಾಗಿದೆ! ಮೈಕಲ್ ಕೀಟನ್ ಬ್ಯಾಟ್‌ಮನ್ ಅಂದಾಗ 1988ರಲ್ಲಿ ಸ್ಟುಡಿಯೋಗೆ ವಿರೋಧದ ಪತ್ರಗಳ ರಾಶೀನೇ ಬಂದಿತ್ತು. 2005ರ ಅಕ್ಟೋಬರ್‌ನಲ್ಲಿ ಡೇನಿಯಲ್ ಕ್ರೇಗ್ ಹೊಸ ಬಾಂಡ್ ಅಂದಾಗ ಕೂದಲ ಬಣ್ಣ ಸರಿ ಇಲ್ಲ ಅಂತ ಬಹಿಷ್ಕಾರದ ವೆಬ್‌ಸೈಟೇ ಮಾಡಿದ್ರು. 2006ರಲ್ಲಿ ಹೀತ್ ಲೆಡ್ಜರ್ ಜೋಕರ್ ಅಂದಾಗ ಲವ್ ಸ್ಟೋರಿ ಹುಡುಗನಿಗೆ ಇದೆಲ್ಲ ಯಾಕೆ ಅಂದ್ರು. ಆ ಜೋಕರ್ ಪಾತ್ರಕ್ಕೆ 2009ರಲ್ಲಿ ಆಸ್ಕರ್ ಬಂತು, ತಗೊಳ್ಳೋಕೆ ಅವ್ರೇ ಇರ್ಲಿಲ್ಲ, ಅಷ್ಟೊತ್ತಿಗೆ ತೀರ್ಕೊಂಡಿದ್ರು. ಡೈರೆಕ್ಟರ್ ಮತ್ತು ಪಾತ್ರಗಳಿಗೆ ನಟರನ್ನ ಹುಡುಕಿ ಆರಿಸೋ ಕಾಸ್ಟಿಂಗ್ ಡೈರೆಕ್ಟರ್ ಆ ನಟನಲ್ಲಿ ಕಂಡಿದ್ದು ನಮಗೆ ಪೋಸ್ಟರ್‌ನಲ್ಲಿ ಕಾಣ್ಬೇಕು ಅಂತಿಲ್ಲ, ಅಷ್ಟು ನಂಬಿಕೆ ಅವ್ರ ಮೇಲಿಡ್ಬೇಕು.

ಅಂದ್ಹಾಗೆ ಕಾಸ್ಟಿಂಗ್ ಡೈರೆಕ್ಟರ್ ಹೆಸರು ಹುಡುಕೋಕೆ ಐಎಂಡಿಬಿಗಿಂತ ಒಳ್ಳೇ ಜಾಗ ನನಗೆ ಗೊತ್ತಿಲ್ಲ. ಫುಲ್ ಕಾಸ್ಟ್ ಅಂಡ್ ಕ್ರೂ ಒತ್ತಿ ಕೆಳಗೆ ಹೋದ್ರೆ ಕಾಸ್ಟಿಂಗ್ ಬೈ ಅಂತ ಬೇರೆ ವಿಭಾಗ ಇದೆ. ಅವ್ರ ಹೆಸರು ಒತ್ತಿದ್ರೆ ಹಿಂದೆ ಯಾರ್ಯಾರನ್ನ ಯಾವ ಪಾತ್ರಕ್ಕೆ ತಂದಿದಾರೆ ಅಂತ ಪೂರ್ತಿ ಕಾಣುತ್ತೆ. ನಿಮಗೆ ಇಷ್ಟವಾದ ಎರಡು ಮೂರು ಸಿನಿಮಾದಲ್ಲಿ ಒಂದೇ ಹೆಸರು ಸಿಕ್ಕಾಗ ಆಗೋ ಆಶ್ಚರ್ಯ ಇದ್ಯಲ್ಲಾ, ಅದನ್ನ ಒಂದು ಸಲ ಅನುಭವಿಸಿ ನೋಡಿ. ಆಸ್ಕರ್ ಅಕಾಡೆಮಿ ಕಾಸ್ಟಿಂಗ್‌ಗೆ ಅಂತ ಬೇರೆ ಪ್ರಶಸ್ತಿ ಕೊಡ್ತೀವಿ ಅಂತ ಹೇಳಿದ್ದೇ 2024ರ ಫೆಬ್ರವರೀಲಿ, ಅದೂ 2025ರ ಸಿನಿಮಾಗಳಿಂದ, 98ನೇ ಸಮಾರಂಭಕ್ಕೆ. ಅಷ್ಟು ವರ್ಷ ಯಾಕೆ ತಡ ಮಾಡಿದ್ರೋ, ಬಂತಲ್ಲ ಅದೇ ಸಂತೋಷ.

ನೋಡಿದ, ನೋಡ್ಬೇಕಾದ ಸಿನಿಮಾಗಳ ಲೆಕ್ಕ ಇಡೋ ಲೆಟರ್‌ಬಾಕ್ಸ್‌ಡ್ ಆಪ್ ಬಗ್ಗೆ ಕೇಳೋರಿಗೆ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ 2011ರಲ್ಲಿ ಶುರುವಾಗಿದ್ದು, ನೋಡೋಕೆ ಚಂದ, ವಾಚ್‌ಲಿಸ್ಟ್ ಇಟ್ಕೊಳ್ಳೋಕೆ ಐಎಂಡಿಬಿಗಿಂತ ಎಷ್ಟೋ ಹಾಯಾಗಿದೆ. ಆದ್ರೆ ಅದರ ಮಾಹಿತಿ ಬರೋದು ಟಿಎಂಡಿಬಿ ಅನ್ನೋ ಇನ್ನೊಂದು ಸಿನಿಮಾ ಮಾಹಿತಿ ಸೈಟ್‌ನಿಂದ, ಅದನ್ನೂ ಜನಾನೇ ತುಂಬ್ಸೋದು. ಹಾಗಾಗಿ ಕಾಸ್ಟ್ ತಪ್ಪಿದ್ರೆ ಇಲ್ಲಿ ತಿದ್ದೋಕಾಗಲ್ಲ, ಅಲ್ಲಿ ಹೋಗಿ ತಿದ್ದಬೇಕು. ಶೂಟಿಂಗ್ ಹಂತ ತಿಳ್ಕೊಳ್ಳೋಕೆ ಅದು ಅಷ್ಟು ಸಹಾಯ ಆಗಲ್ಲ. ಕಾಯೋ ಸಿನಿಮಾಗಳ ಪಟ್ಟಿ ಅಲ್ಲಿ, ಅವುಗಳ ಸ್ಥಿತಿಗತಿ ಐಎಂಡಿಬೀಲಿ, ನಾನು ಹಿಂಗೆ ಮಾಡ್ಕೊಂಡಿದೀನಿ.

ಇವೆಲ್ಲ ಬೇಡ, ಸುದ್ದಿ ತಾನಾಗೇ ಫೋನಿಗೆ ಬರ್ಲಿ ಅಂತ ಸಿನಿಮಾ ನ್ಯೂಸ್ ಆಪ್ ಹಾಕ್ಕೊಳ್ಳೋರಿಗೆ ಒಂದು ಮಾತು. ನಾನು ಬಳಸ್ತಿದ್ದ ಒಂದು ಆಪ್, ಹೆಸರು ಬೇಡ, ದಿನಕ್ಕೆ ಎಷ್ಟೋ ಸಲ ನೋಟಿಫಿಕೇಶನ್ ಕಳಿಸ್ತಿತ್ತು, "ಬಿಗ್ ಅಪ್ಡೇಟ್" ಅಂತ ಒತ್ತಿದ್ರೆ ಒಳಗೆ ಅಭಿಮಾನಿಯೊಬ್ಬ ಮಾಡಿದ ಪೋಸ್ಟರ್, ಇಲ್ಲಾಂದ್ರೆ ಹಳೇ ಸುದ್ದಿಗೆ ಹೊಸ ಹೆಡ್ಡಿಂಗ್. ಎಲ್ಲಿಂದ ಬಂದ ಸುದ್ದಿ ಅಂತ ಒಂದು ಸಾಲೂ ಇಲ್ಲ. ತೆಗೆದು ಹಾಕ್ದೆ, ಫೋನೂ ಶಾಂತ ನಾನೂ ಶಾಂತ. ಯೂಟ್ಯೂಬ್‌ನಲ್ಲಂತೂ ಎಐ ಬಳಸಿ ಇನ್ನೂ ಶೂಟಿಂಗೇ ಆಗದ ಸಿನಿಮಾದ ಟ್ರೇಲರ್ ಮಾಡಿ, ಬರದೇ ಇರೋ ನಟರನ್ನ ಅದ್ರಲ್ಲಿ ಕೂರಿಸಿ ಬಿಡೋ ಚಾನೆಲ್‌ಗಳು ಬಹಳ. 2025ರ ಮಾರ್ಚ್‌ನಲ್ಲಿ ಡೆಡ್‌ಲೈನ್ ಈ ಬಗ್ಗೆ ಬರೆದ್ಮೇಲೆ ಅಂಥ ಎರಡು ದೊಡ್ಡ ಚಾನೆಲ್‌ಗಳ ಜಾಹೀರಾತು ಆದಾಯನ ಯೂಟ್ಯೂಬ್ ನಿಲ್ಲಿಸ್ತು. ಅಫಿಷಿಯಲ್ ಟ್ರೇಲರ್ ಅಂತ ನೋಡಿದ್ರೆ ಮೊದಲು ಚಾನೆಲ್ ಹೆಸರು ನೋಡಿ, ಪ್ರೊಡಕ್ಷನ್ ಹೌಸ್‌ನದ್ದೋ ಆಡಿಯೋ ಕಂಪನೀದೋ ಆಗಿರ್ಬೇಕು.

ಕಾಯೋದನ್ನೇ ಹಬ್ಬ ಮಾಡೋ ಕಲೆ ಸ್ಟುಡಿಯೋಗಳಿಗೂ ಚೆನ್ನಾಗಿ ಗೊತ್ತು. ಗಾನ್ ವಿತ್ ದ ವಿಂಡ್ ಕಾಲದಲ್ಲೇ ಅದರ ನಿರ್ಮಾಪಕ ಸೆಲ್ಜ್‌ನಿಕ್ ನಾಯಕಿ ಹುಡುಕಾಟನ ದೇಶಾದ್ಯಂತ ಸುದ್ದಿ ಮಾಡಿದ್ರು, 1938ರ ಡಿಸೆಂಬರ್‌ನಲ್ಲಿ ನಾಯಕಿ ಹೆಸರೇ ಹೊರಬೀಳದೇ ಶೂಟಿಂಗ್ ಶುರು ಮಾಡಿದ್ರು, ವಿವಿಯನ್ ಲೀ ಹೆಸರು ಹೇಳಿದ್ದು 1939ರ ಜನವರೀಲಿ. ಈ ಕಾಲದ್ದು ಬೇಕಂದ್ರೆ 2025ರ ಮಾರ್ಚ್ 26, ಮಾರ್ವೆಲ್‌ನವರು ಅವೆಂಜರ್ಸ್ ಡೂಮ್ಸ್‌ಡೇಗೆ ಖಾಲಿ ಕುರ್ಚಿಗಳ ಮೇಲೆ ಒಂದೊಂದೇ ನಟನ ಹೆಸರು ತೋರಿಸ್ತಾ ಐದು ಗಂಟೆಗೂ ಜಾಸ್ತಿ ಲೈವ್ ಇಟ್ರು, 27 ಹೆಸರು, ಕೊನೇದು ರಾಬರ್ಟ್ ಡೌನಿ ಜೂನಿಯರ್. ಕುರ್ಚಿ ಬಿಟ್ರೆ ತೆರೆ ಮೇಲೆ ಏನಿಲ್ಲ, ಆದ್ರೂ ಲಕ್ಷಾಂತರ ಜನ ಎದ್ದು ಹೋಗ್ಲಿಲ್ಲ, ನಾನೂ ಹೋಗ್ಲಿಲ್ಲ, ಮುಂದಿನ ಕುರ್ಚಿ ಯಾರದು ಅಂತ ಎದೆ ಬಡ್ಕೊಳ್ತಿತ್ತು. ಡೈರೆಕ್ಟರ್ ಕ್ರಿಸ್ಟೋಫರ್ ನೋಲನ್‌ರ ಒಡಿಸ್ಸಿ ಸಿನಿಮಾಗೆ 2026ರ ಜುಲೈ 17 ಅಂತ ಡೇಟ್ ಕೊಟ್ಟು, ಸರಿಯಾಗಿ 1 ವರ್ಷ ಮುಂಚೆ 2025ರ ಜುಲೈ 17ಕ್ಕೇ ಕೆಲವು ಐಮ್ಯಾಕ್ಸ್ 70 ಎಂಎಂ ಥಿಯೇಟರ್‌ಗಳ ಟಿಕೆಟ್ ಮಾರಿದ್ರು. ಇಷ್ಟು ಆಸೆ ಇಟ್ಕೊಂಡು ಕಾಯೋ ಜನಕ್ಕೆ ಸರಿಯಾದ ಮಾಹಿತಿ ಕೊಡೋದು ಎಷ್ಟು ದೊಡ್ಡ ಜವಾಬ್ದಾರಿ ಅನ್ನೋದಕ್ಕೆ ಇದನ್ನೆಲ್ಲ ಹೇಳ್ದೆ.

ಹಾಗಾದ್ರೆ ಯಾರಿಗೆ ಐಎಂಡಿಬಿ ಸಾಕು? ಒಂದೆರಡು ನಟರನ್ನ, ಡೈರೆಕ್ಟರ್‌ಗಳನ್ನ ಫಾಲೋ ಮಾಡ್ತಾ ಅವ್ರ ಮುಂದಿನ ಸಿನಿಮಾ ಯಾವುದು, ಎಲ್ಲೀವರೆಗೆ ಬಂತು ಅಂತ ತಿಳ್ಕೊಂಡ್ರೆ ಸಾಕು ಅನ್ನೋರಿಗೆ ಫ್ರೀ ಆವೃತ್ತಿ ಧಾರಾಳವಾಗಿ ಸಾಕು. ಪ್ರೊ ತಗೋಬೇಕಾ ಅಂದ್ರೆ, ಸಿನಿಮಾದಲ್ಲಿ ಕೆಲ್ಸ ಮಾಡೋರು, ಆಡಿಷನ್ ಕೊಡೋರು, ಸಿನಿಮಾ ಬಗ್ಗೆ ಬರೆಯೋರು ತಗೊಳ್ಳಿ, ಬರೀ ಅಭಿಮಾನಿ ಆದ್ರೆ ಬೇಡ. ಅಂಕ ಕೇಳಿದ್ರೆ ಸ್ಟೇಟಸ್ ಮಾಹಿತಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಕಾಸ್ಟ್ ಪಟ್ಟಿಗೆ ಮೂರು, ಸಣ್ಣ ಕನ್ನಡ ಸಿನಿಮಾಗಳ ವಿಷಯಕ್ಕೆ ಎರಡು. ಅವ್ರು ಒಂದೇ ಒಂದು ಬದಲಾವಣೆ ಮಾಡ್ತೀವಿ ಅಂದ್ರೆ ನಾನು ಕೇಳೋದು ಇದನ್ನ: ಬರೋ ಸಿನಿಮಾದ ಪುಟದಲ್ಲಿ ಪ್ರತಿ ನಟನ ಹೆಸರಿನ ಪಕ್ಕ ಅದು ಯಾವ ದಿನ ಸೇರ್ತು, ತಂಡದವರೇ ಹೇಳಿದ್ದಾ ಅಥವಾ ಬೇರೆಯವರು ಕಳಿಸಿದ್ದಾ ಅಂತ ಹಾಕಿ, ಹೋದ ಹೆಸರುಗಳನ್ನ ಅಳಿಸ್ದೇ ಕೆಳಗೆ ಹಿಂದಿನ ಕಾಸ್ಟ್ ಅಂತ ಬೇರೆ ಇಡಿ, ಹಳೇ ರಿಲೀಸ್ ಡೇಟ್‌ಗಳನ್ನೂ ಹಂಗೇ ಇಡಿ.